ಹೊಳೆಗೆ ಉಡುವ ಸೀರೆ

ಕನ್ನಡ ನಾಡು ಒಂದಾದ ಮರು ಬೇಸಿಗೆ. ನಾನು ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದು ಎರಡನೆಯ ವರ್ಷ. ಗಂಡನ ಮನೆಯವರದು ಕಾಳುಕಡಿಯ ವ್ಯಾಪಾರ. ನನ್ನ ತವರು ಮುಂಡರಗಿಯಿಂದ ಆಚೆ, ತುಂಗಭದ್ರೆಯ ದಂಡೆಯ ಹಳ್ಳಿ. ಬೇಸಿಗೆಯಲ್ಲಿ ಹೊಳೆ ಸೊರಗಿ ನಡುವೆ ಮರಳಿನ ದಿಬ್ಬ ಏಳುತ್ತಿತ್ತು. ಅಲ್ಲಿ ನಮ್ಮೂರಿನವರು ಕಲ್ಲಂಗಡಿ ಹಾಕುತ್ತಿದ್ದರು. ದಿಬ್ಬದ ಈ ಕಡೆ ಮಾತ್ರ ಎಂದೂ ಬತ್ತದ ಉದ್ದನೆಯ ಮಡು. ಬೇಸಿಗೆಗೊಮ್ಮೆ ಮನೆಮಂದಿಯೆಲ್ಲ ಬುಟ್ಟಿಯಂಥ ಹರಗೋಲು ಹತ್ತಿ ಮಡುವಿನಲ್ಲಿ ಅಡ್ಡಾಡಿ, ದಿಬ್ಬದಲ್ಲಿ ಬುತ್ತಿ ಉಂಡು, ಬಿಸಿಲು ಇಳಿದ ಮೇಲೆ ಮರಳುವುದು ತವರಿನ ರೂಢಿ.

ಆ ಸಲ, ಮುಂದಿನ ವಾರ ಬಾ ಎಂದು ನನ್ನನ್ನು ಕರೆಯಲು ಬಂದ ಅಣ್ಣ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ಮರ್ಯಾದೆಗೆಂದು ಅತ್ತೆಗೂ ಒಂದು ಮಾತು ಹೇಳಿದ. "ನೀವೂ ಬರ್ರಿ ಅವ್ವಾರ. ಹರಗೋಲದಾಗ ಕುಂಡ್ರಿಸ್ಕೊಂಡು ಹೋಗ್ತೀನಿ."

"ಬರ್ತೀನಿ," ಎಂದುಬಿಟ್ಟರು ಅತ್ತೆ.

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ನೀನಾ? ಬಾವ್ಯಾಗ ಬಗ್ಗಿ ನೋಡಿದ್ರ ತಲಿ ತಿರಗತೈತಿ ಅಂತಿ."

"ನಾ ಏನ್ ಬಾವ್ಯಾಗ ಕುಂಡ್ರಾಕ ಹೊಂಟಿಲ್ಲಲ್ರಿ."

ಹೆಂಡತಿ ಹೊರಟ ಮೇಲೆ ತಾವು ಉಳಿಯುವುದು ಹೇಗೆ? ಮಾವನೂ ಹೊರಟರು. ಅಂಗಡಿ ನನ್ನ ಗಂಡನ ಪಾಲಿಗೆ ಬಿತ್ತು.

ಮರುದಿನ ಮುಂಜಾನೆ ಅತ್ತೆ ನನ್ನನ್ನು ಒಳಕೋಣೆಗೆ ಕರೆದರು. ಟ್ರಂಕು ತೆರೆದಿತ್ತು, ಸೀರೆಗಳೆಲ್ಲ ಚಾಪೆಯ ಮೇಲೆ ಹರವಿದ್ದವು. "ಹೊಳಿಗೆ ಯಾವುದು ಉಡ್ಲಿ?" ಎಂದು ಕೇಳಿದರು. ಆ ಮನೆಗೆ ಬಂದಾಗಿನಿಂದ ಅವರು ನನಗೆ ಹೇಳುವುದಿತ್ತೇ ಹೊರತು ಕೇಳುವುದು ಇರಲಿಲ್ಲ. ನನ್ನ ಒಗ್ಗರಣೆಯಿಂದ ಹಿಡಿದು ನಾನು ಕಸ ಗುಡಿಸುವ ರೀತಿಯವರೆಗೆ ಎಲ್ಲದರಲ್ಲೂ ಅವರಿಗೊಂದು ಕೊರತೆ ಕಾಣುತ್ತಿತ್ತು. ಈಗ ನಾನು ಹೇಳುವವಳು, ಅವರು ಕೇಳುವವರು. ಬಿಡುತ್ತೇನೆಯೇ? ಕಾಲು ಚಾಚಿ ಕೂತು ಶುರುಮಾಡಿದೆ.

ರೇಷ್ಮೆ ಸೆರಗಿನ ಇಳಕಲ್ ಸೀರೆ ಬೇಡ, ತೊಯ್ದರೆ ಕಲ್ಲಿನ ಹಾಗೆ ಭಾರ. ಗಂಜಿ ಹಾಕಿದ್ದೂ ಬೇಡ, ನೀರು ಸೋಕಿದ ಕೂಡಲೇ ಮೈಗೆ ಅಂಟು ಅಂಟು. ಕಚ್ಚೆ ಬಿಗಿಯಾಗಿರಬೇಕು, ಇಳಿಬಿಟ್ಟ ನಿರಿಗೆ ಹರಗೋಲಿನ ಬಿದಿರಿಗೆ ಸಿಕ್ಕಿಕೊಂಡರೆ ಏಳಲಿಕ್ಕೇ ಬರುವುದಿಲ್ಲ. ಹರಗೋಲಿಗೆ ಬಿಗಿದದ್ದು ಎಮ್ಮೆಯ ತೊಗಲು, ಆದ್ದರಿಂದ ಮೊಳೆ ಹೊಡೆದ ಚಪ್ಪಲಿಯನ್ನು ದಂಡೆಯಲ್ಲೇ ಬಿಡಬೇಕು. ಕಾಲಿನ ಬೆಳ್ಳಿ ಕಡಗ ಮನೆಯಲ್ಲಿ. ಕೆಳಗೆ ಹಾಸಿಕೊಳ್ಳಲು ಒಂದು ಹಳೆಯ ಕಂಬಳಿ, ಒದ್ದೆ ಮಾಡಿ ತಲೆಗೆ ಹಾಕಿಕೊಳ್ಳಲು ಒಂದು ಪಂಚೆ.

"ನಿಮ್ಮೂರಾಗ ಮತ್ತ ಏನ್ ಉಟ್ಟು ಹೋಗ್ತಾರ?"

"ಹಳೇ ಸೀರಿ ಉಡ್ತಾರ್ರಿ ಅತ್ತಿ."

"ಬೀಗರ ಊರಿಗೆ ಹಳೇದು ಉಟ್ಕೊಂಡು ಹೋಗ್ಲೇನು? ನಡಿ, ಬೆಟಗೇರಿಗೆ ಹೋಗೂಣು."

ಹೀಗೆ ಹೊಳೆಗೆ ಉಡುವ ಹೊಸ ಸೀರೆಗಾಗಿ ನಾವಿಬ್ಬರೂ ಗದಗಿನ ಬಸ್ಸು ಹತ್ತಿದೆವು. ಗದಗಿಗೆ ಅಂಟಿದ ಬೆಟಗೇರಿಯಲ್ಲಿ ಅತ್ತೆಗೆ ಗುರುತಿನ ನೇಕಾರರ ಮನೆ. ಮಗ್ಗದ ಸದ್ದಿನ ನಡುವೆ ಆ ಮನೆಯ ಯಜಮಾನ ಒಂದೊಂದೇ ಸೀರೆ ಬಿಚ್ಚಿ ತೋರಿಸಿದ. ಕಡೆಗೆ ಅತ್ತೆ ಒಂದು ಕಡು ಹಸಿರಿನ ಹತ್ತಿ ಸೀರೆಯನ್ನು ಕೈಗೆತ್ತಿಕೊಂಡು, "ಒಂದು ಬಕೇಟ ನೀರು ತರ್ರಿ, ಹೊಳಿಗೆ ಉಡೂದೈತಿ, ತೋಯಿಸಿ ನೋಡ್ತೀನಿ," ಎಂದರು.

"ಅಯ್ಯ! ತೋಯಿಸಿದ್ರ ಮಾರೂದು ಹೆಂಗ್ರಿ?" ಎಂದು ಆತ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡ.

ಅತ್ತೆ ಬಿಡಲಿಲ್ಲ, ಆತನೂ ಬಿಡಲಿಲ್ಲ. ಒಳಗಿನಿಂದ ಅವನ ಹೆಂಡತಿ ನಗುತ್ತ ಬಂದಳು. "ಅದ ನೂಲಿಂದು ನಾ ಉಡ್ತೀನ್ರಿ. ಅದನ್ನ ತೋಯಿಸ್ರಿ," ಎಂದು ತನ್ನ ಸೀರೆ ತಂದು ಬಕೇಟಿನಲ್ಲಿ ಅದ್ದಿದಳು. ಅತ್ತೆ ಆ ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ನೀರು ಸುರಿಸುತ್ತ ಅಂಗಳದ ತುಂಬ ಓಡಾಡಿದರು. ಕೂತರು, ಎದ್ದರು. ಮಗ್ಗ ನಿಂತಿತ್ತು, ಎಲ್ಲರೂ ಬಾಗಿಲಿಗೆ ಬಂದು ನೋಡುತ್ತಿದ್ದರು.

"ಹೊಳಿಯಾಚಿ ಯಾರದರ ಮದಿವಿ ಐತೇನ್ರಿ?" ಎಂದು ಕೇಳಿದಳು ನೇಕಾರನ ಹೆಂಡತಿ.

"ಏನಿಲ್ಲವಾ, ಸುಮ್ನ ಹೊಂಟೀವಿ."

ಬಸ್ಸಿನಲ್ಲಿ ಮರಳುವಾಗ ಅವರು ಆ ಮಾತನ್ನೇ ಮೆಲುಕು ಹಾಕುತ್ತಿದ್ದರೆಂದು ಕಾಣುತ್ತದೆ. ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ಯಾರರ ಹಡದ್ರ ಹೋಗೀನಿ, ಯಾರರ ಸತ್ರ ಹೋಗೀನಿ, ಲಗ್ನಕ್ಕ ಹೋಗೀನಿ. ಸುಮ್ನ ಅಂತ ಎಲ್ಲೀಗೂ ಹೋಗಿಲ್ಲ ನೋಡು." ಅದರಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರ ಮಡಿಲಿನಿಂದ ಜಾರುತ್ತಿದ್ದ ಸೀರೆಯ ಗಂಟನ್ನು ನಾನು ಇಸಕೊಂಡೆ.

ಸೀರೆ ಆಯಿತು, ಇನ್ನು ಕೂರುವ ಅಭ್ಯಾಸ. ಹಿತ್ತಿಲಿನಲ್ಲಿ ಜೋಳ ತುಂಬುವ ಅಗಲದ ಬುಟ್ಟಿಯಿತ್ತು. ಅತ್ತೆ ಕಚ್ಚೆ ಬಿಗಿದು ಅದರೊಳಗೆ ಕೂತರು. ನಾನು ಅಂಚು ಹಿಡಿದು ಆ ಕಡೆ ಈ ಕಡೆ ತೂಗಿದೆ. ಮೊದಲು ಅವರು ಕಣ್ಣು ಮುಚ್ಚಿಕೊಂಡರು, ಆಮೇಲೆ ಒಂದೇ ಕಣ್ಣು ತೆರೆದರು. ಅಷ್ಟರಲ್ಲಿ ಊಟಕ್ಕೆಂದು ಮಾವ ಬಂದರು.

"ಏನ್ ನಡಸೀರಿ ಇದು?"

"ಹೊಳಿ ದಾಟಾಕತ್ತೀನಿ, ಅಡ್ಡ ಬರಬ್ಯಾಡ್ರಿ," ಎಂದರು ಅತ್ತೆ ಬುಟ್ಟಿಯೊಳಗಿನಿಂದ.

ಹೋಗುವ ದಿನವೂ ಬಂತು. ತವರಿನಲ್ಲಿ ಒಂದು ರಾತ್ರಿ ಕಳೆದು, ಹೊತ್ತು ಮೂಡುವಾಗ ದಂಡೆಗೆ ಇಳಿದೆವು. ಅತ್ತೆ ಹಸಿರು ಸೀರೆಯಲ್ಲಿ, ಬರಿಗಾಲಲ್ಲಿ, ಒಬ್ಬ ಪೈಲ್ವಾನನ ಹಾಗೆ ನಿಂತಿದ್ದರು. ಮಾವ ಮಾತ್ರ ಕರಿ ಕೋಟು ತೊಟ್ಟು, ತಲೆಗೆ ಜರಿಯ ಅಂಚಿನ ರುಮಾಲು ಸುತ್ತಿಕೊಂಡು ಬಂದರು.

"ಇದೇನ್ರಿ ಮಾವಾರ, ಕೋರ್ಟಿಗೆ ಹೊಂಟಂಗ?" ಎಂದ ಅಣ್ಣ.

"ಆಚಿ ದಂಡಿ ಮೊನ್ನಿ ಮೊನ್ನಿವರೆಗೂ ಮದ್ರಾಸಿನವರದು. ಯಾರರ ಸಾಹೇಬ್ರು ಸಿಕ್ರ?"

"ಈಗ ಎಲ್ಲಾ ನಮ್ದ ಆಗೇತ್ರಿ. ಸಿಕ್ರ ಕನ್ನಡದಾಗ ಮಾತಾಡಿದ್ರಾತು."

ಹರಗೋಲು ದಂಡೆ ಬಿಟ್ಟಿತು. ಅತ್ತೆ ನನ್ನ ಮಣಿಕಟ್ಟನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದರು. ಅಣ್ಣ ಹುಟ್ಟು ಹಾಕುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ನನ್ನ ಕೈ ಮೇಲಿನ ಹಿಡಿತ ಸಡಿಲವಾಯಿತು. ನೋಡಿದರೆ ಅತ್ತೆ ಬೆರಳು ನೀರಿಗೆ ಇಳಿಬಿಟ್ಟು, ಎತ್ತಿ, ಮತ್ತೆ ಇಳಿಬಿಡುತ್ತಿದ್ದರು.

ದಿಬ್ಬ ಇನ್ನೇನು ಬಂತು ಎನ್ನುವಾಗ ಗಾಳಿ ಬೀಸಿ ಮಾವನ ರುಮಾಲು ಹಾರಿ ನೀರಿಗೆ ಬಿತ್ತು. "ಏ, ಹಿಡೀರಿ, ಹಿಡೀರಿ!" ಎಂದು ಅವರೇ ಬಗ್ಗಿದರು. ಹರಗೋಲು ವಾಲಿತು, ಮಾವ ದುಡುಮ್ಮನೆ ಬಿದ್ದರು. ಆದರೆ ಅಲ್ಲಿ ನೀರು ಸೊಂಟದಷ್ಟೇ. ಅವರು ಎದ್ದು ನಿಂತಾಗ ಕೋಟಿನ ಜೇಬುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅತ್ತ ರುಮಾಲು ಸುತ್ತು ಬಿಚ್ಚಿಕೊಳ್ಳುತ್ತ ಆಳದ ಕಡೆ ತೇಲಿ ಹೊರಟಿತ್ತು. ಅಣ್ಣ ಮಾವನ ಕೈ ಹಿಡಿಯಲು ನೀರಿಗಿಳಿದ. ಅವನು ಬಿಟ್ಟ ಹುಟ್ಟನ್ನು ಅತ್ತೆ ಎತ್ತಿಕೊಂಡರು. ಮೊದಲೆರಡು ಸಲಕ್ಕೆ ಹರಗೋಲು ನಿಂತಲ್ಲೇ ಗರಗರನೆ ತಿರುಗಿತು.

"ಮುಂದ ಹಾಕಿ ನಿಮ್ಮ ಕಡಿ ಎಳಕೋರಿ ಅವ್ವಾರ!" ಎಂದು ಅಣ್ಣ ಕೂಗಿದ.

ಎಳೆದರು. ಹರಗೋಲು ಅಡ್ಡಾದಿಡ್ಡಿಯಾಗಿ ಮುಂದೆ ಸರಿಯಿತು. ಕಡೆಗೂ ಅವರು ಹುಟ್ಟಿನ ತುದಿಯಿಂದ ರುಮಾಲು ಎತ್ತಿ, "ಸಿಕ್ತು!" ಎಂದು ಕಿರುಚಿದರು. ಅವರ ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ದಿಬ್ಬದ ಮೇಲೆ ಮಾವನಿಗೆ ಉಡಲು ಒಣಗಿದ ಬಟ್ಟೆಯೆಂದರೆ, ಯಾತಕ್ಕೂ ಇರಲಿ ಎಂದು ಅತ್ತೆ ಗಂಟಿನಲ್ಲಿ ತಂದಿದ್ದ ಇಳಕಲ್ ಸೀರೆ ಒಂದೇ. ಅದನ್ನು ಮಡಿಸಿ ಲುಂಗಿಯಂತೆ ಸುತ್ತಿಕೊಂಡು, ಕೆಂಪು ಸೆರಗನ್ನು ಹೆಗಲಿಗೆ ಹಾಕಿಕೊಂಡು ಅವರು ಕಲ್ಲಂಗಡಿ ತಿಂದರು. ನಗಬಾರದೆಂದು ನಾವೆಲ್ಲ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದೆವು. ಮೊದಲು ನಕ್ಕವರು ಮಾವನೇ.

ಬರುವಾಗ ಅತ್ತೆಯೇ ಹುಟ್ಟು ಹಾಕಿದರು. ಅಂಗೈಯಲ್ಲಿ ಗುಳ್ಳೆ ಎದ್ದವು. ನನ್ನ ಅವ್ವ ಬೆಣ್ಣೆ ಹಚ್ಚಲು ಬಂದರೆ, "ಇರ್ಲಿ ಬಿಡ್ರಿ, ಊರಾಗ ತೋರಸ್ಬೇಕು," ಎಂದರು. ತೋರಿಸಿದರು ಕೂಡ. ಆ ವಾರವೆಲ್ಲ ನಮ್ಮ ಓಣಿಯ ಹೆಂಗಸರು ಬಂದು ಬಂದು ಆ ಕೈ ನೋಡಿಹೋದರು. ಅವರಲ್ಲಿ ಇಬ್ಬರು ಮುಂದಿನ ಬೇಸಿಗೆಗೆ ತಾವೂ ಬರುವುದಾಗಿ ಹೇಳಿ, ಏನು ಉಡಬೇಕೆಂದು ಕೇಳಿದರು.

"ನನ್ನ ಸೊಸಿನ್ನ ಕೇಳ್ರಿ, ಆಕಿಗೆ ಎಲ್ಲಾ ಗೊತ್ತೈತಿ," ಎಂದರು ಅತ್ತೆ. ನಾನು ಬಾಯಿ ತೆರೆಯುವ ಮೊದಲೇ ತಾವೇ ಹೇಳತೊಡಗಿದರು.