ಸಪ್ತಾಹದ ಆರನೆಯ ದಿನ, ನನ್ನ ಸರದಿ

“ತಾಳ ಹಿಡಿತೀರೇನ್ರಿ?”

ರಾಯದುರ್ಗದಲ್ಲಿ ಬಾಡಿಗೆಗೆ ಮನೆ ಕೇಳಲು ಹೋದಾಗ ಮನೆಯ ಯಜಮಾನರು ವೀರಭದ್ರಪ್ಪನವರು ಕೇಳಿದ ಮೊದಲ ಮಾತು ಇದು. ಯಾವ ಊರು, ಯಾವ ಜನ, ಏನು ಕಸುಬು ಎಂಬುದೆಲ್ಲ ಆಮೇಲೆ ಬಂತು. ಹಿಂದೂಪುರದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಬಳ್ಳಾರಿಯಲ್ಲಿ ಇನ್ನೊಂದು ಹತ್ತಿ ಬಂದಿದ್ದ ನಮಗೆ ನಿಲ್ಲಲೂ ತ್ರಾಣವಿರಲಿಲ್ಲ. ಹೊಲಿಗೆ ಯಂತ್ರ ಗೋಣಿತಾಟಿನಲ್ಲಿ ಸುತ್ತಿಕೊಂಡು ಬೀದಿಯಲ್ಲೇ ಕುಳಿತಿತ್ತು.

“ಹಿಡಿತೀನಿ” ಎಂದೆ.

“ಹಾಡು ಬರ್ತಾವೇನ್ರಿ?”

“ಬರ್ತವೆ.”

ಬೀಗದ ಕೈ ನನ್ನ ಕೈಗೆ ಬಂತು. ಒಳಗೆ ಹೋದ ಮೇಲೆ ನನ್ನ ಹೆಂಡತಿ ಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಹಾಡ್ ಬರ್ತವೆ ಅಂದ್ಬುಟ್ರಲ್ಲಾ, ಹೊಲಿಯಾದು ಬಿಟ್ಟು ಇನ್ನೇನ್ ಬರ್ತೈತೆ ನಿಮ್ಗೆ?”

ನಮ್ಮೂರು ಮಡಕಶಿರಾದಲ್ಲಿ ಒಂದೇ ಪೇಟೆಬೀದಿಯಲ್ಲಿ ನಾವು ಮೂವರು ದರ್ಜಿಗಳಿದ್ದೆವು. ರಾಯದುರ್ಗದ ಬಟ್ಟೆ ಅಂಗಡಿಗಳಲ್ಲಿ ಕೈತುಂಬ ಕೆಲಸವಿದೆಯೆಂದು ಅವಳ ಅಣ್ಣ ಹೇಳಿದ್ದರಿಂದ ಬಂದದ್ದು. ಜಿಲ್ಲೆ ಬೇರೆಯಾದರೂ ಆಗ ಮೇಲೆ ಇದ್ದದ್ದು ಅದೇ ಮದ್ರಾಸು ಸರ್ಕಾರ. ಎರಡೂ ಕಡೆ ಕನ್ನಡವೂ ಉಂಟು, ತೆಲುಗೂ ಉಂಟು. ಆದರೂ ಮೊದಲ ತಿಂಗಳು ಸಂತೆಯಲ್ಲಿ ಗಂಗಮ್ಮ ಬಾಯಿಬಿಟ್ಟರೆ ಸೊಪ್ಪಿನವಳು “ಎಲ್ಲಿಯವರ್ರಿ ನೀವು?” ಎಂದು ನಗುತ್ತಿದ್ದಳು. ಅಲ್ಲಿ ರಾಗಿಮುದ್ದೆ ನುಂಗಿ ಬೆಳೆದ ನಮಗೆ ಇಲ್ಲಿ ಜೋಳದ ರೊಟ್ಟಿ. ಅವಳು ಬಡಿದ ರೊಟ್ಟಿ ಮೂರು ವಾರ ಅಂಚಿನಲ್ಲಿ ಬಿರಿಯುತ್ತಲೇ ಇತ್ತು. ನಾಲ್ಕನೆಯ ವಾರ ಇಡಿಯಾಗಿ ಎದ್ದು ಬಂದ ರೊಟ್ಟಿಯನ್ನು ಪಕ್ಕದ ಮನೆಯವರಿಗೆ ತೋರಿಸಿ ಬಂದ ಮೇಲೆಯೇ ನನಗೆ ಬಡಿಸಿದ್ದು.

ನನ್ನ ಕಷ್ಟ ರೊಟ್ಟಿಯದಲ್ಲ, ಹಾಡಿನದು. ಓಣಿಯ ಗಂಡಸರಲ್ಲಿ ಅರ್ಧ ಜನ ಕೂಲಿಗೆಂದು ಬಳ್ಳಾರಿ ಕಡೆ ಹೋಗಿದ್ದರು. ಶ್ರಾವಣದಲ್ಲಿ ಹನುಮಪ್ಪನ ಗುಡಿಯಲ್ಲಿ ಏಳು ದಿನ ಹಗಲೂ ಇರುಳೂ ನಡೆಯುವ ಸಪ್ತಾಹದ ಭಜನೆಗೆ ದನಿ ಸಾಲದಾಗಿತ್ತು. ಅದಕ್ಕೇ ಯಜಮಾನರ ಆ ಪ್ರಶ್ನೆ. ಹಾಡು ಒಂದು ಉಸಿರಿನಷ್ಟು ಕಡಿದರೂ ಮತ್ತೆ ಮೊದಲ ದಿನದಿಂದ ಏಳು ದಿನ ಹಾಡಬೇಕು. ಒಬ್ಬರ ಸರದಿಯಲ್ಲಿ ಒಮ್ಮೆ ಹಾಡಿದ್ದನ್ನು ಮತ್ತೆ ಹಾಡುವಂತೆಯೂ ಇಲ್ಲ. “ಉಂಡ ಎಲಿಯಾಗ ದೇವರಿಗೆ ಮತ್ತ ಬಡಿಸ್ತೀವೇನ್ರಿ?” ಎನ್ನುತ್ತಿದ್ದರು ವೀರಭದ್ರಪ್ಪ. ಹಿಂದಿನ ವರ್ಷ ನಮ್ಮ ಮನೆಯಲ್ಲಿದ್ದವನು ಸರದಿಯಲ್ಲಿ ತೂಕಡಿಸಿದನಂತೆ. ಶ್ರಾವಣ ಮುಗಿಯುವುದರೊಳಗೆ ಮನೆ ಖಾಲಿಯಾಯಿತಂತೆ. ಇದನ್ನು ನಮಗೆ ಹೇಳಿದವಳು ಸೊಪ್ಪಿನವಳು.

ಹಾಡಿನ ವಿಷಯದಲ್ಲಿ ನಾನು ಎಂದೂ ಒಂದೇ ಕಡೆ ನಿಂತವನಲ್ಲ. ನಮ್ಮವ್ವ ರಾಗಿ ಬೀಸುವಾಗ ಅವಳ ತೊಡೆಯ ಮೇಲೆ ಮಲಗಿ ಕೇಳಿದ್ದೇ ಮೊದಲ ಹಾಡು. ಕಲ್ಲಿನ ಸುತ್ತು ಎಷ್ಟು ನಿಧಾನವೋ ಹಾಡೂ ಅಷ್ಟೇ ನಿಧಾನ. ನನಗೆ ಹದಿನಾಲ್ಕಾಗಿದ್ದಾಗ ಊರಿಗೆ ನಾಟಕದ ಕಂಪನಿ ಬಂತು. ಹಾರ್ಮೋನಿಯಂ ಕೇಳಿದ ಕಿವಿಗೆ ಬೀಸುವ ಹಾಡು ನಾಚಿಕೆಯಾಯಿತು. “ನಿಲ್ಸವ್ವಾ, ಯಾರಾನ ಕೇಳಿಸ್ಕಂಡಾರು” ಎಂದೆ. ಅಂದಿನಿಂದ ಅವಳು ನಾನು ಮನೆಯಲ್ಲಿದ್ದಾಗ ಬರಿದೇ ಕಲ್ಲು ತಿರುಗಿಸುತ್ತಿದ್ದಳು. ಮೂವತ್ತು ತುಂಬಿದಾಗ, ಅಳತೆ ತೆಗೆಯಲು ಹೋದ ಸಾಹುಕಾರರ ಮನೆಯಲ್ಲಿ ಗ್ರಾಮಾಫೋನ್ ಪ್ಲೇಟಿನ ಸಂಗೀತ ಕೇಳಿ ನಾಟಕದ ಹಾಡೆಲ್ಲ ಗದ್ದಲವೆನಿಸಿತು. ಅವ್ವ ಹೋದ ಮೇಲೆ ಯಾವುದೂ ಬೇಡವಾಗಿ, ಯಂತ್ರ ತುಳಿಯುವ ಕಾಲಿನಲ್ಲಿ ಅವಳ ಹಾಡೇ ಬಂದು ಕುಳಿತಿತ್ತು.

ರಾಯದುರ್ಗದ ಅಭ್ಯಾಸದ ಮೊದಲ ಸಂಜೆ ಅದನ್ನೇ ಎತ್ತಿಕೊಂಡೆ. ಎರಡು ಸಾಲು ಆಗುವಷ್ಟರಲ್ಲಿ ವೀರಭದ್ರಪ್ಪ ಕೈ ಎತ್ತಿದರು.

“ಇದು ಬೀಸೋ ಹಾಡಲ್ಲೇನ್ರಿ? ಹೆಂಗಸರ ಹಾಡು ಗುಡಿಯಾಗ ಬ್ಯಾಡ್ರಿ. ಈ ನಡಿಗಿಯೊಳಗ ಹಾಡಿದ್ರ ಹನುಮಪ್ಪ ನಿದ್ದಿ ಹೋಗ್ತಾನ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲಿಯ ಭಜನೆಗಳು ಒಂದರ ಬೆನ್ನಿಗೆ ಒಂದು ಓಡುವಂಥವು. ಎರಡು ತಿಂಗಳಲ್ಲಿ ಹದಿನಾಲ್ಕು ಕಲಿತೆ.

ನನಗೆ ಬಿದ್ದದ್ದು ಆರನೆಯ ದಿನದ ಸರದಿ, ಮಧ್ಯಾಹ್ನ ಹನ್ನೆರಡರಿಂದ ಮೂರು. ಜೊತೆಗೆ ಕುರಿ ವ್ಯಾಪಾರದ ತಿಪ್ಪಣ್ಣ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಹೇಳುವುದು, ಆ ಹೊತ್ತಿನಲ್ಲಿ ಮೊದಲನೆಯವನು ಉಸಿರು ತೆಗೆದುಕೊಳ್ಳುವುದು. ಹಾರ್ಮೋನಿಯಂ ತಿಪ್ಪಣ್ಣನದು, ತಾಳ ನನ್ನದು. ಹಿಂದಿನ ದಿನ ಮಳೆ ಬಿದ್ದದ್ದರಿಂದ ಓಣಿಯವರೆಲ್ಲ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದರು. ಗುಡಿಯಲ್ಲಿ ನಾವಿಬ್ಬರೇ. ಎದುರಿನ ಕಂಬಕ್ಕೆ ಮಂಡಿಯಿಂದ ತಂದ ಗಡಿಯಾರ ನೇತುಹಾಕಿತ್ತು.

ಒಂದು ಗಂಟೆಯ ಹೊತ್ತಿಗೆ ತಿಪ್ಪಣ್ಣನ ಹಲ್ಲು ಕಟಕಟ ಎನ್ನತೊಡಗಿತು. ಚಳಿಜ್ವರ. ಹಾರ್ಮೋನಿಯಂ ಎರಡು ಸಲ ಮುಲುಗಿ ನಿಂತಿತು. ಅವನು ಚಾಪೆಯ ಮೇಲೆ ಮುದುಡಿಕೊಂಡು, ನಿಲ್ಲಿಸಬೇಡ ಎನ್ನುವಂತೆ ಕೈ ಮಾತ್ರ ಆಡಿಸಿದ.

ಯಾರನ್ನಾದರೂ ಕೂಗೋಣವೆಂದರೆ ಹಾಡು ಬಿಡಬೇಕು. ಬಿಟ್ಟರೆ ಐದೂವರೆ ದಿನ ನೀರುಪಾಲು, ಮನೆಯೂ ಹೋಯಿತು. ಅಷ್ಟರಲ್ಲಿ ನೀರಿನ ಕೊಡ ಹೊತ್ತ ಹೆಂಗಸೊಬ್ಬಳು ಬಾಗಿಲ ಮುಂದೆ ಬಂದಳು. ಹಾಡುತ್ತಿದ್ದ ಧಾಟಿಯಲ್ಲೇ “ತಿಪ್ಪಣ್ಣ ಮಲಗ್ಯಾನ, ಯಾರಾದರೂ ಬರ್ರಿ” ಎಂದು ಹೊಂದಿಸಿ ಹಾಡಿದೆ. ಭಜನೆಯ ಮಾತು ಯಾರು ಕೇಳುತ್ತಾರೆ? ಅವಳು ಕೊಡ ಹಿಡಿದಿದ್ದ ಎರಡು ಕೈಯಲ್ಲಿ ಒಂದನ್ನು ಬಿಟ್ಟು ಅದರಲ್ಲೇ ನಮಸ್ಕಾರ ಮಾಡಿ ಮುಂದೆ ಹೋದಳು.

ಎರಡು ದಾಟಿ ಹತ್ತು ನಿಮಿಷವಾಗುವಾಗ ಹದಿನಾಲ್ಕನೆಯ ಭಜನೆಯೂ ಮುಗಿಯುತ್ತ ಬಂತು. ಸಾಲಿನ ನಡುವೆ ಉಸಿರು ಎಳೆದುಕೊಳ್ಳುವಾಗ ತಾಳವನ್ನು ಜೋರಾಗಿ ಬಡಿದು ಸದ್ದು ತುಂಬುತ್ತಿದ್ದೆ. ಕೊನೆಯ ಸಾಲು ಬಿಡುವ ಮುನ್ನವೇ ಬಾಯಿ ತಾನಾಗಿ ನಾಟಕದ ಹಾಡೊಂದನ್ನು ಹಿಡಿಯಿತು. ರಾಜಕುಮಾರ ತೋಟದಲ್ಲಿ ರಾಜಕುಮಾರಿಯ ಕಣ್ಣು, ತುಟಿ, ನಡು ಎಲ್ಲವನ್ನೂ ಹೊಗಳುವ ಹಾಡು. ರಾಜಕುಮಾರಿಯ ಹೆಸರಿದ್ದ ಕಡೆ ಸೀತಮ್ಮ ಎಂದು ಸೇರಿಸಿದೆ. ಹನುಮಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

ಅದು ಮುಗಿದು ಅಂಥದೇ ಇನ್ನೊಂದರ ನಡುವಿನಲ್ಲಿದ್ದಾಗ ಬಾಗಿಲಲ್ಲಿ ವೀರಭದ್ರಪ್ಪ ಕಾಣಿಸಿದರು. ಗುಡಿಯ ಮಗ್ಗುಲಲ್ಲೇ ಇದ್ದ ಮನೆಯಲ್ಲಿ ಮಲಗಿದ್ದವರು, ಗುಡಿಯಲ್ಲಿ ನಾಟಕದ ಹಾಡು ಕೇಳಿ ಸಿಟ್ಟಿನಿಂದಲೇ ಎದ್ದು ಬಂದಿದ್ದರು. ಬಾಯಿ ತೆರೆದರು. ತಿಪ್ಪಣ್ಣನನ್ನು ನೋಡಿದರು. ನನ್ನ ದನಿ ಆಗ ಒಡೆದು ಗಾಳಿಯಷ್ಟೇ ಆಗಿತ್ತು. ಬೈದರೆ ಹಾಡು ಕಡಿಯುವುದು ಅವರ ಬಾಯಿಂದಲೇ. ಹೆಗಲ ಕಂಬಳಿಯನ್ನು ತಿಪ್ಪಣ್ಣನಿಗೆ ಹೊದಿಸಿ, ನನ್ನೆದುರು ಕುಳಿತು, ಕಣ್ಣು ಕೆಂಪಗೆ ಮಾಡಿಕೊಂಡು, ರಾಜಕುಮಾರಿಯ ಸೊಂಟ ಹೊಗಳುವ ಸಾಲನ್ನು ತಿರುಗಿ ಹೇಳಿದರು.

ಆರು ದಿನ ಹಾಡಿ ಅವರ ಗಂಟಲು ಕಟ್ಟಿತ್ತು. ಹಿಂದೆ ಹೇಳಬಲ್ಲರು, ಮುಂದೆ ಹಿಡಿದು ನಡೆಸಲಾರರು. ಮೂರಕ್ಕೆ ಇನ್ನೂ ಅರ್ಧ ಗಂಟೆ. ನಾಟಕದ ಹಾಡುಗಳೂ ಆ ಎರಡಕ್ಕೇ ಮುಗಿದಿದ್ದವು, ನನ್ನಲ್ಲಿ ಉಳಿದಿದ್ದದ್ದು ಅವರು ಬೇಡವೆಂದಿದ್ದ ಒಂದೇ ಹಾಡು.

ಎತ್ತಿಕೊಂಡೆ. ಅವರು ತೊಡೆ ತಟ್ಟಿ ಬೇಗ ಬೇಗ ಎಂದು ಅಟ್ಟಿದರು. ನನ್ನಲ್ಲಿ ಓಡುವ ಉಸಿರಿರಲಿಲ್ಲ. ಅವರ ಕೈ ಒಂದೆರಡು ಸುತ್ತು ನನಗಿಂತ ಮುಂದೆ ಹೋಗಿ ಕಾದಿತು, ಆಮೇಲೆ ಕಾಯುವುದೇ ಅದಕ್ಕೆ ರೂಢಿಯಾಯಿತು. ಬೀಸುವ ಹಾಡಿಗೆ ಕೊನೆಯೆಂಬುದು ರಾಗಿ ಮುಗಿದಾಗ. ಅವ್ವ ಮಾಡುತ್ತಿದ್ದಂತೆ ಅತ್ತೆ, ಮಾವ, ಎಮ್ಮೆ, ಬಾವಿ, ಹುಣಸೆಮರ ಎಲ್ಲದರ ಮೇಲೂ ಸಾಲು ಕಟ್ಟುತ್ತ ಹೋದೆ. ಮುಂದಿನ ಜೋಡಿ ಬಂದು ತಾಳ ಕೈಗೆ ತೆಗೆದುಕೊಂಡಾಗ ಹಾಡು ಹುಣಸೆಮರದ ಮೇಲೇ ಇತ್ತು.

ವೀರಭದ್ರಪ್ಪ ತಿಪ್ಪಣ್ಣನನ್ನು ಎಬ್ಬಿಸಿಕೊಂಡು ಹೋದರು. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ನಿಂತಾಗ ಗಂಗಮ್ಮ ಪಾತ್ರೆ ಕಟ್ಟಲು ಗೋಣಿಚೀಲ ಹುಡುಕತೊಡಗಿದ್ದಳು.

“ಅಲ್ರೀ, ಆ ಬೀಸೋ ಹಾಡಿನಾಗ ಎಮ್ಮಿ ಆದಮ್ಯಾಲೆ ಏನ್ ಬರ್ತೈತ್ರಿ? ನಿನ್ನೆಯಿಂದ ನೆಪ್ಪಾಗವಲ್ದು.”

“ಬಾವಿ, ಯಜಮಾನ್ರೇ.”

“ಹಾಂ, ಬಾವಿ.” ಹೋಗುತ್ತ ತಿರುಗಿ ನೋಡಿದರು. “ಆ ಇನ್ನೊಂದು ಹಾಡು ಮಾತ್ರ ಗುಡಿಯಾಗ ಮತ್ತ ತೆಗೀಬ್ಯಾಡ್ರಿ. ನಾ ತಿರುಗಿ ಹೇಳಿದ್ದನ್ನ ನಮ್ಮನಿಯಾಕಿ ಕೇಳ್ಯಾಳ.”

ತಿಪ್ಪಣ್ಣ ಎದ್ದು ಓಡಾಡುವಂತಾದ ಮೇಲೆ ನನ್ನನ್ನು ಸುಮ್ಮನೆ ಬಿಡಲಿಲ್ಲ. “ನನ್ನ ಹಲ್ಲು ಕಟಕಟ ಅಂದದ್ದಕ್ಕ ನಿಮಗ ತಾಳ ಸಿಕ್ತು” ಎಂದು ಈಗಲೂ ಅನ್ನುತ್ತಾನೆ.

ಈಗ ಆ ಹಾಡು ಓಣಿಯದು. ಓಣಿಯವರು ಅದನ್ನು ತಮ್ಮ ನಡಿಗೆಯಲ್ಲಿ ಓಡಿಸುತ್ತಾರೆ. ಮೊದಮೊದಲು ಕೇಳಿದಾಗ ಯಾರೋ ನಮ್ಮವ್ವನ ಕೈಹಿಡಿದು ದರದರ ಎಳೆದಂತಾಗುತ್ತಿತ್ತು. ಈಚೆಗೆ ನಾನೇ ಹಾಗೆ ತಾಳ ಹಾಕುತ್ತೇನೆ. ನಿಧಾನ ಮಾಡಿದರೆ ಹಾಡು ಬಿದ್ದುಹೋಗುತ್ತದೇನೋ ಎಂದು ಭಯ.

ಹೋದ ಸಂಕ್ರಾಂತಿಗೆ ಮಡಕಶಿರಾಕ್ಕೆ ಹೋಗಿದ್ದೆ. ತಂಗಿ ಸಣ್ಣಮ್ಮ ರಾಗಿ ಬೀಸಲು ಕುಳಿತಿದ್ದಳು. ಎದುರು ಕುಳಿತು ಕಲ್ಲಿನ ಗೂಟಕ್ಕೆ ಕೈಕೊಟ್ಟು, ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಅವ್ವನ ಹಾಡು ತೆಗೆದೆ. ಮೂರನೆಯ ಸುತ್ತಿಗೇ ಕಲ್ಲು ಹಾರತೊಡಗಿತು.

“ಅದ್ಯಾಕಣ್ಣಾ, ನಾಯಿ ಏನಾನ ಅಟ್ಟಿಸ್ಕಂಡ್ ಬತ್ತಾ ಐತಾ? ನೋಡು, ಹಿಟ್ಟೆಲ್ಲ ತರಿ ತರಿ ಆಯ್ತು!”

ನಿಧಾನ ಮಾಡಲು ನೋಡಿದೆ. ಬಾಯಿ ನಿಧಾನವಾಯಿತು, ಕೈ ಆಗಲಿಲ್ಲ. ಅವಳು ನನ್ನ ಕೈಯನ್ನು ಗೂಟದಿಂದ ಮೆಲ್ಲಗೆ ಬಿಡಿಸಿ, “ನೀನು ಹಾಡ್ಕಂಡ್ ಕುಂತ್ಕ, ಬೀಸಾದು ನಾನು ಬೀಸ್ಕಂತೀನಿ” ಎಂದಳು.