ದಿಮ್ಮಿಯ ಲೆಕ್ಕಕ್ಕೆ ಸೊನ್ನೆ

ಮ್ಯಾಟ್ರಿಕ್ ಪರೀಕ್ಷೆಗೆ ಮೊದಲು ನಮ್ಮ ಶಾಲೆಯಲ್ಲೇ ಒಂದು ಪರೀಕ್ಷೆ ನಡೆಯುತ್ತಿತ್ತು. ಪ್ರಿಲಿಮಿನರಿ ಎಂದು ಅದರ ಹೆಸರು. ಅದರಲ್ಲಿ ಪಾಸಾದವರ ಫಾರ್ಮನ್ನು ಹೆಡ್‌ಮಾಸ್ತರರು ಮುಂಬೈಗೆ ಕಳಿಸುತ್ತಿದ್ದರು. ನಪಾಸಾದವರು ಇನ್ನೊಂದು ವರ್ಷ ಅದೇ ಬೆಂಚಿನ ಮೇಲೆ ಕೂರಬೇಕು, ಇಲ್ಲವೇ ಮನೆಯ ಕಸುಬಿಗೆ ಇಳಿಯಬೇಕು. ಹಳಿಯಾಳದಲ್ಲಿ ನಮ್ಮದೊಂದು ಸಣ್ಣ ಕಟ್ಟಿಗೆ ಅಡ್ಡೆ ಇತ್ತು, ದಿಮ್ಮಿ ಕೊಂಡು ಕೊಯ್ದು ಮಾರುವ ಜಾಗ. ಅಪ್ಪ ಮೊದಲೇ ಹೇಳಿಬಿಟ್ಟಿದ್ದ: "ಫಾರ್ಮ್ ಹೋತಂದ್ರ ಓದು. ಹೋಗ್ಲಿಲ್ಲಂದ್ರ ಅಡ್ಡಾಕ ಬಾ." ಅಡ್ಡೆಗೆ ಹೋಗುವುದು ನನಗೆ ಬೇಡವಾಗಿತ್ತು. ಧಾರವಾಡದ ಕಾಲೇಜು ಬೇಕಾಗಿತ್ತು.

ವರ್ಷ ಯಾವುದೆಂದು ಖಚಿತವಾಗಿ ಹೇಳಲಾರೆ. ಯುದ್ಧ ನಡೆದಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸೂಪಾ ಕಡೆಯ ಕಾಡಿನಿಂದ ಸಾಗವಾನಿ ದಿಮ್ಮಿಗಳು ಎಂದೂ ಇಲ್ಲದಷ್ಟು ಇಳಿಯುತ್ತಿದ್ದವು. ಆಗಲೂ ನಾನು ಡೈರಿ ಬರೆಯುತ್ತಿದ್ದೆ. ಆ ವಾರದ ಪುಟದಲ್ಲಿ 'ಗಣಿತ. ಚಳಿ. ಜಗಳ' ಎಂದಷ್ಟೇ ಇದೆ. ಉಳಿದದ್ದನ್ನು ಮುಂದೆ ಕಾಲೇಜು ಕಲಿತ ತಲೆ ತುಂಬಿಸಿಕೊಂಡಿರಬಹುದು. ಯಾರು ಯಾವ ಮಾತು ಆಡಿದರು ಎಂಬುದರಲ್ಲಿ ನನಗೆ ಅನುಮಾನವಿದೆ. ಲೆಕ್ಕದಲ್ಲಿ ಇಲ್ಲ.

ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಅರ್ಥ ಇಷ್ಟು: ಒಬ್ಬ ಕಟ್ಟಿಗೆ ವ್ಯಾಪಾರಿ ಎಂಬತ್ತೆಂಟು ಇಂಚು ಸುತ್ತಳತೆಯ, ಹದಿನೆಂಟು ಅಡಿ ಉದ್ದದ ದುಂಡನೆಯ ದಿಮ್ಮಿಯನ್ನು ಕೊಳ್ಳುತ್ತಾನೆ, ಅವನು ಕೊಂಡ ಕಟ್ಟಿಗೆ ಎಷ್ಟು ಘನ ಅಡಿ?

ಓದಿದ ಕೂಡಲೇ ನನಗೆ ನಗು ಬಂತು. ಟೇಪಿನ ಒಂದು ತುದಿ ಹಿಡಿದೇ ಬೆಳೆದವನು ನಾನು. ಸುತ್ತಳತೆಯ ಕಾಲುಭಾಗ ತೆಗೆದುಕೊಳ್ಳಬೇಕು, ಅದನ್ನು ಅದರಿಂದಲೇ ಗುಣಿಸಬೇಕು, ಆಮೇಲೆ ಉದ್ದದಿಂದ ಗುಣಿಸಬೇಕು. ದಾಂಡೇಲಿಯ ಡಿಪೋದಲ್ಲಿ ಹಾಗೆ, ನಮ್ಮ ಅಡ್ಡೆಯಲ್ಲಿ ಹಾಗೆ, ರಾಮನಗರದ ವ್ಯಾಪಾರಿಗಳಲ್ಲೂ ಹಾಗೆಯೇ. ಅರವತ್ತೂವರೆ ಎಂದು ಬರೆದು ಕೆಳಗೆ ಗೆರೆ ಎಳೆದೆ. ನನ್ನ ಪಕ್ಕದ ಬೆಂಚಿನ ಗೆಳೆಯನೂ ಅದನ್ನೇ ಬರೆದಿದ್ದ. ಅವನ ಅಪ್ಪ ದಾಂಡೇಲಿಯಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲಿನ ಮೆಕ್ಯಾನಿಕ್. ಇವನು ಹಳಿಯಾಳದಲ್ಲಿ ತನ್ನ ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದ.

ಪೇಪರು ವಾಪಸು ಬಂದಾಗ ಇಬ್ಬರಿಗೂ ಆ ಲೆಕ್ಕಕ್ಕೆ ಸೊನ್ನೆ. ಆ ಸೊನ್ನೆಯಿಂದಾಗಿಯೇ ಇಬ್ಬರೂ ಗಣಿತದಲ್ಲಿ ನಪಾಸು.

ಗಣಿತದ ಮಾಸ್ತರರು ಪುಣೆಯಲ್ಲಿ ಓದಿ ಬಂದವರು. ನಾನು ಎದ್ದು ನಿಂತು ಕೇಳಿದೆ. "ಮಾಸ್ತರ್ರ, ಇದು ಸರಿ ಐತ್ರಿ. ಡಿಪೋದಾಗ ಹಿಂಗ ಮಾಡ್ತಾರ್ರಿ."

"ಡಿಪೋದಾಗ ಬೀಡೀನೂ ಸೇದ್ತಾರ. ಅದನ್ನೂ ಕಲ್ತೀಯೇನು?"

ತರಗತಿ ನಕ್ಕಿತು. ಅವರು ಬೋರ್ಡಿನ ಮೇಲೆ ವರ್ತುಲ ಬರೆದು, ತ್ರಿಜ್ಯ ಹದಿನಾಲ್ಕು ಇಂಚು ಎಂದು ತೆಗೆದು, ಎಪ್ಪತ್ತೇಳು ಘನ ಅಡಿ ಎಂದು ಮುಗಿಸಿ ಸೀಮೆಸುಣ್ಣ ಕೆಳಗಿಟ್ಟರು. ನಾನು ನಂಬಲಿಲ್ಲ. ಸರಕಾರವೇ ನಡೆಸುವ ಡಿಪೋ ಅಷ್ಟು ಕಟ್ಟಿಗೆಯನ್ನು ಲೆಕ್ಕಕ್ಕೇ ಹಿಡಿಯದೆ ಬಿಟ್ಟುಕೊಡುತ್ತದೆಯೇ? ಪುಸ್ತಕದಲ್ಲಿಯೇ ಏನೋ ತಪ್ಪಿರಬೇಕು ಎಂದುಕೊಂಡೆ. ಹದಿನೇಳರ ವಯಸ್ಸಿನಲ್ಲಿ ಹಾಗೆ ಅಂದುಕೊಳ್ಳುವುದು ಕಷ್ಟವಲ್ಲ.

ನೀರಿನಲ್ಲಿ ಮುಳುಗಿಸಿ ನೋಡೋಣ ಎಂದದ್ದು ಗೆಳೆಯ. ನಾನೇ ಅಂದೆನೋ ಏನೋ. ಅವನು ಈಗಲೂ ತನ್ನದೇ ಎನ್ನುತ್ತಾನೆ, ಇರಲಿ. ಭಾನುವಾರ ಅವನು ಅಪ್ಪನಿಂದ ದುಂಡಗೆ ನುಣ್ಣಗೆ ಕಡೆದ ಒಂದು ಸಾಗವಾನಿ ತುಂಡು ತಂದ. ಅದರ ಸುತ್ತಳತೆ, ಉದ್ದ ಅಳೆದು ಡಿಪೋದ ರೀತಿಯಲ್ಲೂ ಮಾಸ್ತರರ ರೀತಿಯಲ್ಲೂ ಲೆಕ್ಕ ಹಾಕಿಟ್ಟುಕೊಂಡೆವು. ನಮ್ಮ ಬಚ್ಚಲಿನ ಹಂಡೆಯನ್ನು ದೊಡ್ಡ ಪರಾತದಲ್ಲಿ ಇಟ್ಟು ಅಂಚಿನವರೆಗೂ ನೀರು ತುಂಬಿದೆವು. ತುಂಡನ್ನು ಮುಳುಗಿಸಿದರೆ ಹೊರಚೆಲ್ಲಿದ ನೀರು ಪರಾತಕ್ಕೆ ಬೀಳುತ್ತದೆ. ಅದನ್ನು ಸೀಮೆಎಣ್ಣೆಯ ಚೌಕ ಡಬ್ಬಿಗೆ ಸುರಿದು, ಫೂಟುಪಟ್ಟಿಯಿಂದ ಎತ್ತರ ಅಳೆದರೆ ಮುಗಿಯಿತು.

ಆದರೆ ಸಾಗವಾನಿ ತೇಲಿತು. ಗೆಳೆಯ ಎರಡೂ ಕೈಯಿಂದ ಒತ್ತಿದ. ಲೆಕ್ಕ ಹಾಕಿದರೆ ಬಂದ ಉತ್ತರ ಡಿಪೋದ್ದಕ್ಕೂ ಹೆಚ್ಚು, ಮಾಸ್ತರರದ್ದಕ್ಕೂ ಹೆಚ್ಚು.

"ಲೇ, ಮೂರನೇದೊಂದು ಗಣಿತ ಹುಟ್ಟಿತು" ಎಂದ ಗೆಳೆಯ.

"ನಿನ್ನ ಕೈನೂ ಮುಳುಗ್ಯಾವಲ್ಲೋ ಶಾಣ್ಯಾ!"

ಹಿಂದಿನಿಂದ ಅವ್ವನ ದನಿ ಬಂತು. "ಎಣ್ಣಿ ಡಬ್ಬಿ ಬಚ್ಚಲಕ್ಕ ಯಾಕ ತಂದೀರೋ? ನಾಳೆ ಜಳಕ ಮಾಡಿದ್ರ ಮೈಯೆಲ್ಲಾ ಚಿಮಣಿ ವಾಸನಿ ಹೊಡಿತೈತಿ!"

"ಅವ್ವಾರ, ಪರೀಕ್ಷಾ ಅಭ್ಯಾಸ್ರಿ ಇದು" ಎಂದ ಗೆಳೆಯ, ಬಹಳ ವಿನಯದಿಂದ.

"ಯಾ ಪರೀಕ್ಷಾದಾಗ ಹಂಡೆ ಕೇಳ್ತಾರೋ ತಮ್ಮಾ?"

ಎರಡನೆಯ ಸಲ ಮುರಿದ ಛತ್ರಿಯ ಎರಡು ಕಡ್ಡಿಗಳಿಂದ ತುಂಡನ್ನು ಒತ್ತಿ ಹಿಡಿದೆವು. ಮೂರನೆಯ ಸಲವೂ ಹಾಗೆಯೇ ಮಾಡಿದೆವು. ಎರಡು ಸಲವೂ ನೀರು ಮಾಸ್ತರರ ಉತ್ತರದ ಹತ್ತಿರವೇ ನಿಂತಿತು. ಗೆಳೆಯ ಛತ್ರಿಯ ಕಡ್ಡಿ ಒರೆಸುತ್ತ ಕೂತ. ನನಗಂತೂ ಡಿಪೋದವರೆಲ್ಲ ಸೇರಿ ನನಗೆ ಮೋಸ ಮಾಡಿದಂತೆ ಆಯಿತು.

ಸಂಜೆ ಅಪ್ಪನನ್ನು ಹಿಡಿದೆ. ದಿಮ್ಮಿಯಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಕಟ್ಟಿಗೆ ನಿಮ್ಮ ಲೆಕ್ಕಕ್ಕೇ ಬರುವುದಿಲ್ಲವಲ್ಲ ಎಂದೆ. ಅಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ದಿಮ್ಮಿ ದುಂಡಗ ಇರ್ತೈತಿ. ಬಾಗಲಾ ದುಂಡಗ ಇರ್ತೈತೇನಲೇ? ಚೌಕ ಮಾಡೂ ಹೊತ್ತಿಗೆ ಸುತ್ತಲಿಂದು ಹೋಗ್ತೈತಿ, ಗರಗಸದ ಹುಡಿ ಹೋಗ್ತೈತಿ. ಕೈಗೆ ಹತ್ತೂದಷ್ಟಕ್ಕ ಲೆಕ್ಕ."

"ಸುತ್ತಲಿನ ಸೀಳೂ ನೀ ಉರುವಲಕ್ಕ ಮಾರ್ತಿಯಲ್ಲಾ?"

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. "ಮೊದ್ಲ ಮ್ಯಾಟ್ರಿಕ್ ಪಾಸಾಗು. ಆಮ್ಯಾಲ ನನ್ನ ಮ್ಯಾಲ ಖಟ್ಲೆ ಹಾಕು."

ಅಂದು ನಾನು ಮತ್ತೆ ಆ ಪ್ರಶ್ನೆಯನ್ನು ತೆಗೆದು ಓದಿದೆ. ದಿಮ್ಮಿಯಲ್ಲಿ ಕಟ್ಟಿಗೆ ಎಷ್ಟಿದೆ ಎಂದು ಅದು ಕೇಳಿರಲಿಲ್ಲ. ವ್ಯಾಪಾರಿ ಎಷ್ಟು ಕೊಂಡ ಎಂದು ಕೇಳಿತ್ತು. ವ್ಯಾಪಾರಿ ಕೊಳ್ಳುವುದು ಅರವತ್ತೂವರೆ. ನಮ್ಮ ಸೀಮೆಯಲ್ಲಿ ಎಪ್ಪತ್ತೇಳು ಎಂದು ಯಾವ ವ್ಯಾಪಾರಿಯೂ ಎಂದೂ ಕೊಂಡಿಲ್ಲ.

ಸೋಮವಾರ ಇದನ್ನೇ ಹೇಳಿದೆ. "ಮಾಸ್ತರ್ರ, ದಿಮ್ಮಿಯೊಳಗ ಎಪ್ಪತ್ತೇಳು ಐತಿ, ಖರೇ. ನೀರಾಗ ಮುಳುಗಿಸಿ ನೋಡಿದ್ವಿ. ಆದ್ರ ನೀವು ಕೇಳಿದ್ದು ಅದಲ್ರಿ. ಉತ್ತರ ನಿಮ್ಮದು ಸರಿ, ಪ್ರಶ್ನಿ ತಪ್ಪೈತ್ರಿ." ದನಿ ಏರಿತ್ತು. ಅದು ನಿಜ. ಈ ಸಲ ತರಗತಿ ನಕ್ಕಿದ್ದು ನನ್ನನ್ನು ನೋಡಿ ಅಲ್ಲ, ಮಾಸ್ತರರನ್ನು ನೋಡಿ.

ಅವರು ನಮ್ಮಿಬ್ಬರನ್ನೂ ನೇರ ಹೆಡ್‌ಮಾಸ್ತರರ ಕೋಣೆಗೆ ಕರೆದೊಯ್ದರು. ಹೆಡ್‌ಮಾಸ್ತರರು ಎಲ್ಲವನ್ನೂ ಕೇಳಿದರು. ಪ್ರಶ್ನೆಯನ್ನೂ ಓದಿದರು. ಓದುವಾಗ ಅವರ ಮೀಸೆಯ ಕೆಳಗೆ ನಗು ಕಂಡಂತಾಯಿತು ಎಂದು ನನ್ನ ನೆನಪು. ಅದು ನನಗೆ ಬೇಕಾದ ನೆನಪು, ಆದ್ದರಿಂದ ಅದನ್ನು ನಂಬುವುದಿಲ್ಲ.

"ಮುಂಬೈಯೊಳಗ ಪೇಪರ್ ತಿದ್ದಾಂವ ದಾಂಡೇಲಿ ಡಿಪೋ ನೋಡಿರಂಗಿಲ್ಲ" ಎಂದರು. "ನಾವು ಅವನಿಗಾಗಿ ನಿಮ್ಮನ್ನ ತಯಾರ್ ಮಾಡೂದು. ಕೂಡ್ರಿ. ಲೆಕ್ಕ ತಪ್ಪು ಮಾಡಿದ್ವಿ, ವಾದ ಹಾಕಿದ್ದು ತಪ್ಪಾತು, ಕ್ಷಮಾ ಮಾಡ್ರಿ ಅಂತ ಇಬ್ರೂ ಬರದು ಕೊಡ್ರಿ. ಇಬ್ರ ಫಾರ್ಮೂ ಕಳಸ್ತೇನಿ."

ಗೆಳೆಯ ಕೂತು ಬರೆದ. ಮಿಲ್ಲಿನಲ್ಲಿ ಗರಗಸದ ಬಳಿ ಅವನಿಗೊಂದು ಜಾಗ ಸಿದ್ಧವಾಗಿತ್ತು. ಅದನ್ನು ತಪ್ಪಿಸಿಕೊಳ್ಳಲು ಅವನು ಇದಕ್ಕಿಂತ ದೊಡ್ಡದನ್ನೂ ಬರೆಯುತ್ತಿದ್ದ. ಅವನನ್ನು ನಾನು ಅಂದೂ ಹಳಿಯಲಿಲ್ಲ, ಇಂದೂ ಹಳಿಯುವುದಿಲ್ಲ. ನಾನು ಬರೆದದ್ದು ಬೇರೆ: ದನಿ ಏರಿಸಿದ್ದಕ್ಕೆ ಕ್ಷಮೆ ಇರಲಿ, ಲೆಕ್ಕ ತಪ್ಪಾಗಿಲ್ಲ.

ಹೆಡ್‌ಮಾಸ್ತರರು ಕಾಗದವನ್ನು ತಿರುಗಿ ನನ್ನ ಮುಂದಿಟ್ಟರು. "ಕೊನೀ ಮಾತು ಹೊಡದು ಹಾಕು."

"ಅದನ್ನ ಹೊಡಿಯೂದಿಲ್ರಿ."

"ಫಾರ್ಮ್ ಹೋಗೂದಿಲ್ಲ ಹಂಗಾರ."

"ಗೊತ್ತೈತ್ರಿ."

ಹೊರಗೆ ಬಂದ ಮೇಲೆ ಗೆಳೆಯ ನನ್ನ ಅಂಗಿ ಹಿಡಿದೆಳೆದ. "ಎರಡ ಸಾಲು ಬರಿಯಾಕ ಕೈ ನೋಯ್ತಾವೇನಲೇ? ಇನ್ನೂ ಹೊತ್ತೈತಿ, ಹೋಗು ಒಳಗ. ನಿಮ್ಮ ಅಡ್ಡಾದಾಗ ಕುಂತು ಯಾರ ಮುಂದ ವಾದಾ ಹಾಕ್ತಿ, ದಿಮ್ಮಿ ಮುಂದ?"

ನಾನು ಒಳಗೆ ಹೋಗಲಿಲ್ಲ. ಈ ಕ್ಷಣವನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ತರಗತಿ ನನ್ನ ಪರವಾಗಿ ನಕ್ಕದ್ದು ತಲೆಗೇರಿತ್ತೇ? ಇಲ್ಲಾ, ದೊಡ್ಡ ಪರೀಕ್ಷೆಯ ಭಯ ಒಳಗೆಲ್ಲೋ ಇತ್ತೇ, ಅದರಿಂದ ಪಾರಾಗಲು ಹಟವೊಂದು ಮರ್ಯಾದೆಯ ದಾರಿಯಾಯಿತೇ? ಎರಡನೆಯ ಅನುಮಾನವೇ ನನ್ನನ್ನು ಹೆಚ್ಚು ಕಾಡಿದೆ. ಅದಕ್ಕೆ ನನ್ನಲ್ಲಿರುವ ಉತ್ತರ, ಆಮೇಲಿನ ವರ್ಷ ನಾನು ಓದಿದ ರೀತಿ ಮಾತ್ರ.

ಗೆಳೆಯನ ಫಾರ್ಮು ಹೋಯಿತು, ಅವನು ಪಾಸಾದ. ನಾನು ಅಡ್ಡೆಗೆ ಹೋದೆ. ಅಪ್ಪ ಬಯ್ಯಲಿಲ್ಲ, "ಕ್ಷಮಾ ಕೇಳಿದ್ರ ಏನ್ ಹೋಗ್ತಿತ್ತು?" ಎಂದು ಒಮ್ಮೆ ಕೇಳಿದ. ಉತ್ತರಕ್ಕೆ ಕಾಯದೆ ಟೇಪು ಕೈಗಿಟ್ಟ. ಬೆಳಿಗ್ಗೆ ದಿಮ್ಮಿ ಅಳೆಯುತ್ತಿದ್ದೆ, ಮಧ್ಯಾಹ್ನ ಅದೇ ದಿಮ್ಮಿಗಳ ಮೇಲೆ ಕೂತು ಭೂಮಿತಿ ಓದುತ್ತಿದ್ದೆ. ಸಿದ್ಧಾಂತಗಳನ್ನು ಬಾಯಿಪಾಠ ಮಾಡುವುದನ್ನು ಬಿಟ್ಟೆ. ಯಾಕೆ ಹೀಗೆ ಎಂದು ತಿಳಿಯುವವರೆಗೂ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಅಳತೆ ಕೂಗಿ ಹೇಳುವಾಗ ಗಿರಾಕಿಗಳ ಮುಂದೆ ಎರಡೂ ಅಂಕಿ ಹೇಳುತ್ತಿದ್ದೆ: ಕೊಳ್ಳುವುದು ಇಷ್ಟು, ಒಳಗಿರುವುದು ಇಷ್ಟು. ಗಿರಾಕಿಗಳು ನಗುತ್ತಿದ್ದರು. ಮುಂಡಗೋಡ ಕಡೆಯ ಒಬ್ಬ ಗಿರಾಕಿಯಂತೂ, "ನಿಮ್ಮ ಹುಡುಗ ನಮ್ಮ ಕಡೆ ಅದಾನೋ ನಿಮ್ಮ ಕಡೆ ಅದಾನೋ?" ಎಂದು ಅಪ್ಪನನ್ನು ಕೇಳಿದ.

"ಯಾರ ಕಡೇನೂ ಇಲ್ಲ ಅಂವ" ಎಂದ ಅಪ್ಪ. "ಅದ ತ್ರಾಸು."

ಮರುವರ್ಷ ಶಾಲೆಯ ಹಂಗಿಲ್ಲದೆ, ಹೊರಗಿನವನಾಗಿ ಪರೀಕ್ಷೆಗೆ ಕೂರಲು ಧಾರವಾಡಕ್ಕೆ ಹೊರಟೆ. ಅಪ್ಪ ಕಟ್ಟಿಗೆಯ ಚಕ್ಕಡಿಯಲ್ಲಿ ಅಳ್ನಾವರದ ಸ್ಟೇಷನ್ನಿನವರೆಗೂ ಬಂದ. ರೈಲು ಬಂದು ನಿಂತಾಗ ಕೇಳಿದ:

"ಈ ಸಲಾನೂ ದಿಮ್ಮಿ ಲೆಕ್ಕ ಬಂದ್ರ ಹೆಂಗ ಮಾಡ್ತಿ?"

"ಅವ್ರು ಕೇಳಿದ್ಹಂಗ. ಕಟಿಗಿ ಎಷ್ಟೈತಿ ಅಂದ್ರ ಪುಸ್ತಕದ್ದು. ವ್ಯಾಪಾರಿ ಎಷ್ಟು ಕೊಂಡ ಅಂದ್ರ ನಮ್ಮದು."

"ಮತ್ತ ಸೊನ್ನಿ ಹಾಕ್ತಾರ ನೋಡು."

"ಹಾಕ್ಲಿ" ಎಂದು ಗಾಡಿ ಹತ್ತಿದೆ.