ಮಗಳ ಆಫ್ರಿಕಾ, ನನ್ನ ಯಲ್ಲಾಪುರ

ಹತ್ತನೇ ವಯಸ್ಸಿನಿಂದ ದಿನಚರಿ ಬರೆಯುತ್ತ ಬಂದದ್ದರಿಂದ ನನಗೊಂದು ಕೆಟ್ಟ ಧೈರ್ಯ ಬಂದುಬಿಟ್ಟಿತ್ತು: ನಾನು ಹೇಳುವ ಹಳೆಯ ಕತೆಗಳೆಲ್ಲ ನಿಜ ಎಂದು. ದಿನಚರಿ ಬರೆಯದವರು ಪಾಪ, "ಹೀಗಿತ್ತೇನೋಪ್ಪ" ಎಂದು ರಾಗ ಎಳೆಯುತ್ತಾರೆ. ನಾನು ಎಳೆಯುತ್ತಿರಲಿಲ್ಲ.

ಈ ಧೈರ್ಯಕ್ಕೆ ಪೆಟ್ಟು ಬಿದ್ದದ್ದು ತೊಂಬತ್ತಾರರಲ್ಲಿ, ಮಗಳು ಮೇಧಾ ಕಾಲೇಜಿಗೆ ಅರ್ಜಿ ಹಾಕುವಾಗ. ಸಿಂಗಪುರದ ಹೌಗಾಂಗ್ ಬಡಾವಣೆಯ ನಮ್ಮ ಬ್ಲಾಕಿನಲ್ಲಿ ಬೆಳೆದ ಮಕ್ಕಳು ಅಕೌಂಟೆನ್ಸಿ ಅನ್ನುತ್ತಾರೆ, ಇಂಜಿನಿಯರಿಂಗ್ ಅನ್ನುತ್ತಾರೆ. ಇವಳು ಅಮೆರಿಕದ ಒಂದು ಕಾಲೇಜಿನ ಪುಸ್ತಿಕೆಯಲ್ಲಿ ಬೆರಳಿಟ್ಟು "ಆಫ್ರಿಕನ್ ಡಯಾಸ್ಪೊರ" ಅಂದಳು. ಆಫ್ರಿಕಾದಿಂದ ಹಡಗು ಹತ್ತಿಸಲ್ಪಟ್ಟು ಲೋಕದ ಮೂಲೆಮೂಲೆಗೆ ಚದುರಿದವರು, ಅವರ ಮಕ್ಕಳು ಮೊಮ್ಮಕ್ಕಳು, ಅವರ ಹಾಡು, ಊಟ, ದೇವರು, ಇವುಗಳ ಬಗ್ಗೆ ನಾಲ್ಕು ವರ್ಷ ಓದುವುದು.

ಯುಗಾದಿ ಊಟದ ಹೊತ್ತಿಗೆ ಸುದ್ದಿ ದ್ವೀಪದ ಆ ತುದಿಯ ಬೂನ್ ಲೇವರೆಗೂ ಹೋಗಿತ್ತು. ಅಲ್ಲಿಂದ ಬಂದಿದ್ದ ಮೈಸೂರಿನ ಶ್ರೀಧರ ಹೋಳಿಗೆ ಮುರಿಯುತ್ತ ಕೇಳಿದರು: "ಅಲ್ಲಾ ಪುಟ್ಟಿ, ಆಫ್ರಿಕಾ ಓದೋಕೆ ಅಮೆರಿಕಾಕ್ಕೆ ಯಾಕಮ್ಮಾ ಹೋಗ್ಬೇಕು?"

"ನೀವು ಜಪಾನ್ ಮಷೀನ್ ರಿಪೇರಿ ಮಾಡೋಕೆ ಮೈಸೂರಿಂದ ಸಿಂಗಪುರಕ್ಕೆ ಬಂದ್ರಲ್ಲ ಅಂಕಲ್, ಹಾಗೇ ಲಾಹ್!" ಅಂದಳು ಮೇಧಾ, ಸಿಂಗಪುರದ ರಾಗದಲ್ಲಿ.

ಶ್ರೀಧರ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ಮಗಳ ಈ ಹುಚ್ಚಿಗೆ ಬೀಜ ಹಾಕಿದವನು ನಾನೇ. ನನ್ನ ತಂದೆ ಉಡುಪಿ ಬಿಟ್ಟು ಕೆಲವು ವರ್ಷ ಯಲ್ಲಾಪುರದಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದರು. ಅಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರನ್ನು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರಂತೆ, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರಂತೆ. ನನ್ನ ತರಗತಿಯ ಗಣಪ ಸಿದ್ದಿ ನನಗಿಂತ ಚೆನ್ನಾಗಿ ಕನ್ನಡ ಪದ್ಯ ಹೇಳುತ್ತಿದ್ದ. ಅವನನ್ನು ನಾನು ಜಾತಿಗೀತಿ ನೋಡದೆ ಮನೆಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಪಾಯಸ ಉಂಡೆ. ಮೇಧಾ ಇದನ್ನು ಅನ್ನ ಕಲಸಿ ತಿನ್ನಿಸುವ ವಯಸ್ಸಿನಿಂದ ಕೇಳಿದ್ದಾಳೆ.

ಅರ್ಜಿಯ ಜೊತೆ ಒಂದು ಪ್ರಬಂಧ ಕಳಿಸಬೇಕಿತ್ತು: ಈ ವಿಷಯವೇ ಯಾಕೆ? ಅವಳ ಮೊದಲ ವಾಕ್ಯ, "ನನ್ನ ಅಪ್ಪನಿಗೊಬ್ಬ ಸಿದ್ದಿ ಗೆಳೆಯನಿದ್ದ." ಎರಡನೆಯದಕ್ಕೆ ಪೆನ್ನು ನಿಂತಿತು.

"ಅಪ್ಪ, ಪಕ್ಕದಲ್ಲಿ ಅಂದ್ರೆ ಎಲ್ಲಿ? ಕಿಚನ್‌ನಲ್ಲಾ?"

ಟ್ರಂಕಿನಿಂದ ಆ ವರ್ಷದ ದಿನಚರಿ ತೆಗೆದೆ. "ಗಣಪ ಬಂದಿದ್ದ. ಪಾಯಸ." ಅಷ್ಟೇ. ಪಾಯಸ ದಾಖಲಾಗಿದೆ, ಜಾಗ ಆಗಿಲ್ಲ. ಉಡುಪಿಯ ಅಕ್ಕನಿಗೆ ಫೋನ್ ಮಾಡಿದೆ.

"ಪಕ್ಕದಲ್ಲಾ? ಎಂಥ ಮಾರಾಯ! ನಿನಗೆ ಒಳಗೆ, ಅವನಿಗೆ ಜಗಲಿಯಲ್ಲಿ. ಉಂಡ ಮೇಲೆ ಎಲೆ ತೆಗೆದು ಸಗಣಿ ಸಾರಿಸು ಅಂತ ಅವನಿಗೆ ಹೇಳಿದ್ದು ನೀನೇ. ಅಮ್ಮ ಬೇಡ ಬಿಡು ಅಂತಿದ್ರು."

"ಅವನು ಸಾರಿಸಿದ್ನಾ?"

"ಸಾರಿಸದೆ? ನಿನ್ನನ್ನೇ ನೋಡ್ತಾ ಸಾರಿಸಿದ."

ಅರ್ಜಿ ಸೋಮವಾರ ಹೊರಡಬೇಕು. ಎರಡು ದಿನ ಪಾಯಾ ಲೆಬಾರ್‌ನ ಆಫೀಸಿನಲ್ಲಿ ಕೂತು ನನ್ನ ಪರವಾಗಿ ನಾನೇ ವಕಾಲತ್ತು ನಡೆಸಿದೆ. ಅಕ್ಕನ ನೆನಪೂ ನೆನಪೇ ತಾನೆ? ಹತ್ತು ವರ್ಷದ ಮಗುವಿಗೆ ಏನು ಗೊತ್ತು? ಸುಮ್ಮನಿದ್ದರೆ ಯಾರಿಗೆ ನಷ್ಟ? ಮಗಳ ಕಣ್ಣಲ್ಲಿ ನಾನು ಒಳ್ಳೆಯವನಾಗಿಯೇ ಉಳಿಯುತ್ತೇನೆ, ಪ್ರಬಂಧವೂ ಚೆಂದವಾಗಿರುತ್ತದೆ. ಆದರೆ ಅಕ್ಕ ಹೇಳುತ್ತಿದ್ದಂತೆಯೇ ನನ್ನ ಕಿವಿ ಬಿಸಿಯಾಗಿತ್ತು. ನೆನಪಿಲ್ಲದವನ ಕಿವಿ ಬಿಸಿಯಾಗುವುದಿಲ್ಲ.

ಭಾನುವಾರ ಮೇಧಾಳಿಗೆ ಹೇಳಿದೆ.

"ಇಷ್ಟು ವರ್ಷ ಬೇರೆ ಥರ ಹೇಳಿದ್ಯಲ್ಲ ಅಪ್ಪ."

"ಹ್ಞೂಂ."

"ಇದನ್ನೇ ಬರೀಲಾ?"

"ಬರಿ" ಅಂದೆ.

ನನ್ನ ಸಹಿಗೆ ಅರ್ಜಿ ಬಂದಾಗ ಪ್ರಬಂಧದ ಮೊದಲ ವಾಕ್ಯ ಬದಲಾಗಿತ್ತು: "ಯಲ್ಲಾಪುರದಲ್ಲಿ ಗಣಪ ಎಂಬ ಹುಡುಗನಿದ್ದ; ಅವನ ಸಹಪಾಠಿಗಳಲ್ಲೊಬ್ಬ ನನ್ನ ಅಪ್ಪ." ಇಷ್ಟು ವರ್ಷ ಆ ಕತೆಗೆ ನಾನೇ ನಾಯಕ, ಗಣಪ ನನ್ನ ಔದಾರ್ಯಕ್ಕೆ ಸಾಕ್ಷಿ ನುಡಿದು ಮರೆಯಾಗುವವನು. ಒಂದೇ ವಾಕ್ಯದಲ್ಲಿ ಮಗಳು ನನ್ನನ್ನು ಮೂಲೆಗೆ ಸರಿಸಿದ್ದಳು. ಇರುಸುಮುರುಸಾಯಿತು, ಸಹಿ ಹಾಕಿದೆ.

ಹಾಕಿದ ಮೇಲೆ ಒಂದು ವಿಚಿತ್ರ ನಡೆಯಿತು. ಜೀವನದಲ್ಲಿ ಮೊದಲ ಬಾರಿಗೆ ಗಣಪನ ಬಗ್ಗೆ ಕುತೂಹಲ ಹುಟ್ಟಿತು. ಅವನ ಮನೆ ಎಲ್ಲಿತ್ತು? ಆ ಸಂಜೆ ಅವನಮ್ಮ "ಊಟಕ್ಕೆ ಏನು ಮಾಡಿದ್ರೋ?" ಎಂದು ಕೇಳಿದಾಗ ಏನು ಹೇಳಿದ? ಬರೀ ಪಾಯಸ ಅಂದನೆ? ಇಷ್ಟು ಸಣ್ಣ ಪ್ರಶ್ನೆ ನನ್ನ ತಲೆಗೆ ಬರಲು ಒಂದು ಡಿಗ್ರಿ ಬೇಕಾಯಿತು. ಅದೂ, ಮಗಳು ಇನ್ನೂ ಓದಲು ಶುರುಮಾಡಿರದ ಡಿಗ್ರಿ.